ಒಂದು ಫರ್ಲಾಂಗಿನ ತಂಪು

ಕೊಟ್ಟೂರಿನಲ್ಲಿ ನಾನು ಕಾರುಗಳ ಎಸಿ ರಿಪೇರಿ ಮಾಡುತ್ತಿದ್ದಾಗ, ಒಂದು ಬೇಸಿಗೆ ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ಹಳೇ ಕಾರಿನಲ್ಲಿ ಹೆಂಡತಿಯ ಜೊತೆ ಬಂದರು. ಆಕೆಗೆ ಕಣ್ಣಿನ ಆಪರೇಷನ್ ಆಗಿತ್ತು. ದಾವಣಗೆರೆಯ ಡಾಕ್ಟರಿಗೆ ತೋರಿಸಲು ಹೊರಟಿದ್ದರು. ಧೂಳು ಬೀಳಬಾರದೆಂದು ಗಾಜು ಏರಿಸಿಕೊಂಡು ಇಬ್ಬರೂ ಬೆವರಿನಲ್ಲಿ ತೊಯ್ದುಹೋಗಿದ್ದರು.

"ಗ್ಯಾಸ್ ತುಂಬಿಬಿಡ್ರಿ. ಹೋದ ತಿಂಗಳು ಒಬ್ಬಾಂವ ಹತ್ತು ನಿಮಿಷದಾಗ ತುಂಬಿ ಕಳಿಸಿದ್ದ," ಎಂದರು ಮೇಷ್ಟ್ರು.

"ಅದಕ್ಕ ತಿಂಗಳದಾಗ ಖಾಲಿ ಆಗೇತ್ರಿ ಸರ. ಎಲ್ಲಿ ಸೋರತೈತಿ ಅಂತ ಮೊದ್ಲು ನೋಡಬೇಕು."

"ಅಂದ್ರ ನಿಮಗ ತುಂಬಾಕ ಬರಂಗಿಲ್ಲೇನು?"

ಬೆಳಗಿನಿಂದ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದಿತ್ತು. ವಾದ ಮಾಡುವ ಶಕ್ತಿ ಇರಲಿಲ್ಲ. ಪೈಪಿನೊಳಗೆ ಗಾಳಿ ಒತ್ತಿ, ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚುತ್ತಾ ಹೋದೆ. ಒಂದು ಗಂಟೆಯಾದ ಮೇಲೆ ಕಂಪ್ರೆಸರ್ ಹತ್ತಿರ ಒಂದು ಸಣ್ಣ ಗುಳ್ಳೆ ಎದ್ದಿತು. ಮೇಷ್ಟ್ರೂ ಬಗ್ಗಿ ನೋಡಿದರು. ಸವೆದ ರಬ್ಬರ್ ರಿಂಗು ಬದಲಿಸಿ, ಗ್ಯಾಸ್ ತುಂಬಿದೆ.

ಪರೀಕ್ಷಿಸಲು ಹರಪನಹಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ನಾನೂ ಹಿಂದೆ ಕೂತು ಹೋದೆ. ತಣ್ಣನೆ ಗಾಳಿ ಮುಖಕ್ಕೆ ತಾಗಿದಾಗ ಹಾಯೆನಿಸಿ ಕಣ್ಣು ಮುಚ್ಚಿದೆ. ಒಂದು ಫರ್ಲಾಂಗು ಹೋಗಿರಬೇಕು.

"ಭಾಳ ಥಂಡಿ ಆತ್ರಿ, ಬಂದ್ ಮಾಡ್ರಿ," ಎಂದರು ಆಕೆ, ಗಂಡನಿಗೆ. ಮೇಷ್ಟ್ರು ತಕ್ಷಣ ಬಂದ್ ಮಾಡಿದರು.

ಎಷ್ಟೋ ಕಾರುಗಳನ್ನು ತಂಪು ಮಾಡಿ ಕಳಿಸಿದ್ದೇನೆ. ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಆ ಒಂದು ಫರ್ಲಾಂಗಿನ ತಂಪು ಮಾತ್ರ.