ದೇಸೂರ ಗೇಟಿನ ಭರಮಪ್ಪ ಮತ್ತು ಅವನ ಮೂವರು ಪೈಲ್ವಾನರು

ದೇಸೂರ ನಿಲ್ದಾಣದಾಚೆ, ಖಾನಾಪುರದ ದಾರಿ ರೈಲುಹಳಿಯನ್ನು ದಾಟುವಲ್ಲಿ ಒಂದು ಗೇಟಿತ್ತು. ಅದನ್ನು ಕಾಯುವ ಭರಮಪ್ಪನೂ ಅವನ ಹೆಂಡತಿ ಸಾವಂತ್ರವ್ವನೂ ಪಕ್ಕದ ಒಂಟಿ ಕೋಣೆಯಲ್ಲಿ ಇರುತ್ತಿದ್ದರು. ಕುರಿ ಕಾಯುವ ಮನೆತನ. ಬೇನೆ ಬಂದು ಹಿಂಡೆಲ್ಲ ಸತ್ತ ವರ್ಷ ಮಾವ ಯಾರ್ಯಾರದೋ ಕೈಕಾಲು ಹಿಡಿದು ಈ ನೌಕರಿ ಕೊಡಿಸಿದ್ದ.

ಭರಮಪ್ಪನಿಗೆ ಕುಸ್ತಿಯೆಂದರೆ ಪ್ರಾಣ. ಬೆಳಗಾವಿಯ ಕಣ ಅಲ್ಲಿಂದ ಆರೇಳು ಮೈಲಿ. ಆದರೆ ಗಾಡಿ ಹಗಲೂ ಬರುತ್ತಿತ್ತು, ರಾತ್ರಿಯೂ ಬರುತ್ತಿತ್ತು. ಗೇಟಿಗೆ ಇದ್ದವನು ಅವನೊಬ್ಬನೇ. ಹಾಗಾಗಿ ಕುಸ್ತಿಯನ್ನು ಅವನು ಕಿವಿಯಿಂದಲೇ ನೋಡುತ್ತಿದ್ದ. ಖಾನಾಪುರದಿಂದ ಹಂಚು, ಗಡಿಗೆ ಹೇರಿಕೊಂಡು ಬೆಳಗಾವಿಗೆ ಹೋಗಿಬರುವ ಸಿದ್ದಪ್ಪ ಕಣದಲ್ಲಿ ಕಂಡದ್ದನ್ನೆಲ್ಲ ಗೇಟಿನಲ್ಲಿ ಬಂಡಿ ನಿಲ್ಲಿಸಿ ಹೇಳುತ್ತಿದ್ದ. ಯಾರು ಯಾವ ಕೈ ಹಾಕಿದರು, ಯಾರ ಮೊಣಕಾಲು ಮೊದಲು ಮಣ್ಣಿಗೆ ಹತ್ತಿತು ಎಂದು ಭರಮಪ್ಪ ಕೆದಕಿ ಕೆದಕಿ ಕೇಳುತ್ತಿದ್ದ.

ಅವನ ಮನಸ್ಸಿನಲ್ಲಿದ್ದ ಪೈಲ್ವಾನರು ಮೂವರು. ಕಾಕತಿಯ ಬೀರಣ್ಣ, ಗೇಣುದ್ದದ ಆಳಾದರೂ ತನಗಿಂತ ದೊಡ್ಡವರನ್ನೇ ಜೋಡಿ ಕೇಳುತ್ತಿದ್ದ. ಮುದುಕನಾಗುತ್ತ ಬಂದ ಗುರುಪಾದಪ್ಪ, ತಾನು ಕೆಡವಿದವನನ್ನು ಎಬ್ಬಿಸಿ ತನ್ನ ರುಮಾಲಿನಿಂದಲೇ ಅವನ ಮುಖದ ಮಣ್ಣು ಒರೆಸುತ್ತಿದ್ದ. ಮೂರನೆಯವನು ನಂದಗಡದ ಭೂಪಾಲ. ಜೈನರ ಹುಡುಗ, ಹಾಲು, ತುಪ್ಪ, ಬದಾಮು ತಿಂದೇ ಬೆಳೆದ ಮೈ. ಅವನ ಹೆಸರು ಬಂದರೆ ಭರಮಪ್ಪ ಊಟ ಬಿಟ್ಟು ಏಳುತ್ತಿದ್ದ.

ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿಯಲ್ಲಿ ಒಮ್ಮೆ ಅವನಿಗೆ ತಡೆಯಲಾಗಲಿಲ್ಲ. ಭೂಪಾಲನ ಕುಸ್ತಿಯಿದ್ದ ದಿನ ಗಾಡಿಗೆ ತೋರಿಸುವ ಬಾವುಟದ ನಿಶಾನಿಯನ್ನು ಹೆಂಡತಿಯ ಕೈಗೆ ಕೊಟ್ಟು ಹೊರಟುಬಿಟ್ಟ. ಎರಡು ಮೈಲಿ ನಡೆದಿರಬೇಕು, ಹಳಿಯ ಮೇಲೆ ಟ್ರಾಲಿಯಲ್ಲಿ ಬರುತ್ತಿದ್ದ ರೈಲಿನ ಸಾಹೇಬರು ಅವನ ನೀಲಿ ಅಂಗಿ ಗುರುತಿಸಿದರು. ಇನ್ನೊಮ್ಮೆ ಗೇಟು ಬಿಟ್ಟರೆ ನೌಕರಿಯೂ ಇಲ್ಲ, ಮನೆಯೂ ಇಲ್ಲ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಂದಿನಿಂದ ಅವನು ನೀರಿಗೆಂದು ಬಾವಿಗೆ ಹೋದರೂ ಎರಡು ಸಲ ಹಿಂತಿರುಗಿ ನೋಡುತ್ತಿದ್ದ.

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ, ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ. ಇನಾಮದಾರರೊಬ್ಬರ ಮೋಟಾರು ಧೂಳೆಬ್ಬಿಸಿ ಬೆಳಗಾವಿಯ ಕಡೆ ದಾಟಿಹೋಯಿತು. ಅದರ ಹಿಂದೆಯೇ ಬಂದ ಸವಾರಿ ಬಂಡಿ ಗೇಟಿನ ಮುಂದೆ ನಿಂತಿತು; ಅಷ್ಟರಲ್ಲಿ ಭರಮಪ್ಪ ಗೇಟು ಹಾಕಿದ್ದ.

“ಗೇಟ ತಗಿಯಪಾ, ನಾಕಕ್ಕ ಕಣದಾಗ ಇರಬೇಕು,” ಎಂದ ಬಂಡಿಯವನು.

“ತಗಿಯಾಕ ಬರೂದಿಲ್ರೀ. ಮಾಲಗಾಡಿ ಠೇಶನ್ಯಾಗ ನಿಂತೈತಿ. ಯಾವಾಗ ಬಿಡ್ತಾರೋ ಗೊತ್ತಿಲ್ಲ.”

ಬಂಡಿಯಿಂದ ಒಬ್ಬ ಆಳು ಇಳಿದ. ಮುದುಡಿದ ಕಿವಿ, ಎಡಹುಬ್ಬಿನ ಮೇಲೆ ಗಾಯದ ಗುರುತು. ಸಿದ್ದಪ್ಪ ಹೇಳುತ್ತಿದ್ದ ಗುರುತುಗಳೇ.

“ನೀವು ಭೂಪಾಲ ಪೈಲ್ವಾನ್ರಲ್ಲೇನ್ರೀ?”

“ಹೌದು. ನನ್ನ ಎಲ್ಲಿ ನೋಡೀರಿ?”

“ನೋಡಿಲ್ರೀ,” ಎಂದ ಭರಮಪ್ಪ. ಆಮೇಲೆ ಅವನ ಮಾತಿಗೆ ತಡೆಯೇ ಇರಲಿಲ್ಲ. “ಮೂರು ವರ್ಷದ ಹಿಂದ ಮಿರಜಿನಾಂವ ನಿಮ್ಮನ್ನ ಕೆಳಗ ಹಾಕ್ಕೊಂಡು ಕುಂತಿದ್ದ. ಅರ್ಧಾ ತಾಸು ನೀವು ಮಿಸುಕಾಡಲಿಲ್ಲ. ಅಂವ ದಣದು ಎಡಗಾಲು ಎತ್ತಿದ, ಆವಾಗ ಎದ್ರಿ.”

“ಬಲಗಾಲು,” ಎಂದ ಭೂಪಾಲ. ಸ್ವಲ್ಪ ಹೊತ್ತು ಯೋಚಿಸಿ ನಕ್ಕ. “ಅಲ್ಲ, ಎಡಗಾಲೇ. ನಿಮ್ಮದು ಖರೇ ಐತಿ, ಅಣ್ಣಾ. ನನಗ ಮರ್ತಿತ್ತು.”

ಸಾವಂತ್ರವ್ವ ಮಜ್ಜಿಗೆ ತಂದುಕೊಟ್ಟಳು. ಬಂಡಿಯವನು ಎತ್ತು ಬಿಚ್ಚಿ ನೀರು ಕುಡಿಸಲು ಹೋದ. ಗೇಟಿನ ಕಟ್ಟೆಯ ಮೇಲೆ ಇಬ್ಬರೇ ಉಳಿದಾಗ ಭರಮಪ್ಪ, “ಇವತ್ತೂ ನೀವ ಗೆಲ್ಲೂದು ಬಿಡ್ರಿ,” ಎಂದ.

ಭೂಪಾಲ ಮಜ್ಜಿಗೆಯ ತಂಬಿಗೆಯನ್ನು ಕೆಳಗಿಟ್ಟ. “ಇವತ್ತು ಬೀಳಬೇಕಾಗೇತಿ. ಇನಾಮದಾರ್ರು ಮಗಳನ್ನ ಕೊಡೂ ಮನ್ಯಾಗ ಒಬ್ಬ ಪೈಲ್ವಾನ ಅದಾನ, ಇವತ್ತು ನನ್ನ ಕುಸ್ತಿ ಅವನ ಜೋಡಿ. ಬೀಗರ ಮನಸು ಖುಷಿ ಆಗಬೇಕಲ್ಲ. ಹತ್ತು ಮಿನೀಟಿನ್ಯಾಗ ಬೀಳು ಅಂದಾರ.”

“ಒಲ್ಲೆ ಅನ್ನಾಕ ಬರೂದಿಲ್ಲೇನ್ರೀ?”

“ಹದಿನಾಕನೇ ವರ್ಷದಿಂದ ಅವರ ತಾಲೀಮಿನ ಗರಡ್ಯಾಗ ಉಂಡೀನಿ. ನಮ್ಮವ್ವ ಇರೂ ಮನಿ ಅವರದು. ನೀವು ಈ ಗೇಟು ಬಿಟ್ಟು ನನ್ನ ಜೋಡಿ ಬರ್ತೀರೇನು?”

ಭರಮಪ್ಪ ಗೇಟಿನ ಸರಪಳಿಯ ಕಡೆ ನೋಡಿದ. ಅಷ್ಟರಲ್ಲಿ ದೂರದಲ್ಲಿ ಸೀಟಿ ಕೇಳಿತು. ಮಾಲುಗಾಡಿ ನಿಧಾನವಾಗಿ ಬಂದು, ಒಂದೊಂದೇ ಡಬ್ಬಿಯಾಗಿ ದಾಟಿಹೋಯಿತು. ಕೊನೆಯ ಡಬ್ಬಿ ಮರೆಯಾದರೂ ಅವನು ಕೀಲಿ ತೆಗೆಯಲಿಲ್ಲ.

“ಕೀಲಿ ಕೆಟ್ಟೈತಿ ಅಂತೀನ್ರೀ,” ಎಂದ ಮೆಲ್ಲಗೆ. “ಐದರತನಕ ಗೇಟು ತಗಿಯೂದಿಲ್ಲ. ಕುಸ್ತಿ ತಪ್ಪತೈತಿ.”

ಭೂಪಾಲ ಅವನನ್ನೇ ನೋಡಿದ. ಒಂದು ಕ್ಷಣ ಒಪ್ಪಿಯೇ ಬಿಡುತ್ತಾನೆ ಅನ್ನಿಸಿತು. “ನಾಳೆ ಮತ್ತ ಕರೀತಾರ,” ಎಂದ. “ನಿಮ್ಮ ನೌಕರಿ ಹೋಗತೈತಿ, ನನ್ನ ಕುಸ್ತಿ ಇದ್ದ ಇರತೈತಿ. ತಗೀರಿ, ಅಣ್ಣಾ. ಮತ್ತ ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ನಮ್ಮವ್ವ ಅವರ ಮನ್ಯಾಗ ಅದಾಳ.”

ಬಂಡಿಯವನು ಬಂದು ಎತ್ತು ಹೂಡಿದ ಮೇಲೆ ಭರಮಪ್ಪ ಗೇಟು ತೆರೆದ. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೆ ಸರಪಳಿ ಹಿಡಿದೇ ನಿಂತಿದ್ದ.

ಮರುದಿನ ಬೆಳಗ್ಗೆ ಸಿದ್ದಪ್ಪ ಬಂಡಿಯ ಮೇಲಿಂದಲೇ ಕೂಗಿದ. “ಬಿದ್ದ, ನಿನ್ನ ಭೂಪಾಲ! ಮಂದಿ ಹೊಲಸ ಹೊಲಸ ಬೈದ್ರು. ನಲವತ್ತು ಮಿನೀಟು ಎದುರಿನಾಂವನ್ನ ಕಣದ ತುಂಬ ತಿರಗಿಸ್ಯಾಡಿ, ಆಮ್ಯಾಲೆ ತಾನಾಗೇ ಮಲಕ್ಕೊಂಡಂಗ ಬಿದ್ದ. ಕುಸ್ತಿ ಮಾರಿಕೊಂಡಾನ!”

“ನಲವತ್ತು?” ಎಂದ ಭರಮಪ್ಪ.

“ಗಡಿಯಾರ ನೋಡೀನಿ.”

ಹತ್ತು ನಿಮಿಷ ಇನಾಮದಾರರದು, ಉಳಿದ ಮೂವತ್ತು ಭೂಪಾಲನದೇ ಎಂದು ಭರಮಪ್ಪನಿಗೆ ಗೊತ್ತಾಯಿತು. ಹೇಳುವಂತಿರಲಿಲ್ಲ. ಆ ಚಳಿಗಾಲವಿಡೀ ಗೇಟಿನಲ್ಲಿ ನಿಂತ ಬಂಡಿಯವರೆಲ್ಲ ಭೂಪಾಲನನ್ನು ಆಡಿಕೊಂಡರು. ಮೊದಲಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದವನು ಈಗ ನಿಶಾನಿಯ ಬಟ್ಟೆ ಮಡಿಸುತ್ತ ಕೂತಿರುತ್ತಿದ್ದ. ಸಾವಂತ್ರವ್ವನೊಬ್ಬಳಿಗೆ ಹೇಳಿದ. ಅವಳು, “ನುಂಗ್ರಿ. ನುಂಗೂದು ನಮಗ ಹೊಸಾದೇನ್ರೀ,” ಎಂದಳು.

ಆ ಮೂವತ್ತು ನಿಮಿಷವನ್ನು ಇನಾಮದಾರರು ಸಹಿಸಲಿಲ್ಲ. ತಿಂಗಳೊಳಗೆ ಭೂಪಾಲನನ್ನೂ ತಾಯಿಯನ್ನೂ ಹೊರಗೆ ಹಾಕಿದರು. ಅವನು ಖಾನಾಪುರದಲ್ಲಿ ಒಂದು ಸಣ್ಣ ತಾಲೀಮು ತೆರೆದ. ವರ್ಷಕ್ಕೊಮ್ಮೆ ಅಲ್ಲಿ ಕುಸ್ತಿ ಇಡುತ್ತಿದ್ದ, ಗೇಟಿಗೆ ಹೇಳಿಕಳಿಸುತ್ತಿದ್ದ.

ಇಪ್ಪತ್ತೊಂಬತ್ತರಲ್ಲಿ, ಎಷ್ಟೋ ಅರ್ಜಿಗಳ ನಂತರ, ಭರಮಪ್ಪನಿಗೆ ಒಂದು ದಿನದ ರಜೆ ಸಿಕ್ಕಿತು. ಬದಲಿ ಆಳು ಬಂದ. ಭರಮಪ್ಪ ಒಗೆದ ಧೋತರ ಉಟ್ಟು ಸಿದ್ದಪ್ಪನ ಬಂಡಿಯಲ್ಲಿ ಖಾನಾಪುರಕ್ಕೆ ಹೋದ. ಭೂಪಾಲ ಕೈ ಹಿಡಿದು ಕಣದ ಮುಂದಿನ ಸಾಲಿನಲ್ಲಿ ಕೂರಿಸಿದ. ಕೆಂಪು ಮಣ್ಣು, ಅರಿಸಿನ, ಎಣ್ಣೆಯ ವಾಸನೆ. ಮೊದಲ ಜೋಡಿ ತೊಡೆ ತಟ್ಟಿತು.

ಎರಡನೆಯ ಜೋಡಿ ಹಿಡಿದಾಡುತ್ತಿರುವಾಗ ನಿಲ್ದಾಣದ ಕಡೆಯಿಂದ ಮಧ್ಯಾಹ್ನದ ಗಾಡಿಯ ಸೀಟಿ ಕೇಳಿತು. ಭರಮಪ್ಪ ಧಡಕ್ಕನೆ ಎದ್ದು ನಿಂತ.

“ಕುಂದರ್ರಿ ಅಣ್ಣಾ,” ಎಂದು ಭೂಪಾಲ ತೋಳು ಹಿಡಿದ. “ಗೇಟಿಗೆ ಮಂದಿ ಅದಾರಲ್ಲ.”

“ಅದಾರ್ರೀ,” ಎಂದು ಕೂತ. ಬೆವರು ಒರೆಸಿಕೊಂಡ. ಕಣ್ಣು ಕಣದ ಮೇಲಿದ್ದರೂ ಯಾರು ಮೇಲೆ, ಯಾರು ಕೆಳಗೆ ತಿಳಿಯಲಿಲ್ಲ. ಆ ಗಾಡಿ ಈಗ ಎಲ್ಲಿರಬಹುದು, ಬದಲಿಯವನು ಸರಪಳಿ ಹಾಕಿದನೋ ಇಲ್ಲವೋ. ದೊಡ್ಡ ಜೋಡಿ ಇಳಿಯುವ ಮೊದಲೇ ಕೈ ಮುಗಿದು ಎದ್ದುಬಂದ. ಭೂಪಾಲ ಬೇಡವೆನ್ನಲಿಲ್ಲ, ರಸ್ತೆಯವರೆಗೆ ಜೊತೆಯಲ್ಲಿ ಬಂದು ಬಿಟ್ಟುಹೋದ.

ಭರಮಪ್ಪ ಅಷ್ಟು ದಾರಿ ಅರ್ಧ ನಡೆದ, ಅರ್ಧ ಓಡಿದ. ಗೇಟು ಸರಿಯಾಗಿಯೇ ಇತ್ತು. ಬದಲಿಯವನು ಬೀಡಿ ಸೇದುತ್ತ ಕಟ್ಟೆಯ ಮೇಲೆ ಕೂತಿದ್ದ.

“ರಜಾ ನಾಳೆ ಮುಂಜಾನಿತನಕ ಐತಲ್ಲೋ ಮಾರಾಯಾ,” ಎಂದ ಅವನು.

“ಇರ್ಲಿ,” ಎಂದು ಭರಮಪ್ಪ ಅವನ ಕೈಯಿಂದ ನಿಶಾನಿ ತೆಗೆದುಕೊಂಡ. “ನೀ ಒಳಗ ಹೋಗಿ ಉಣ್ಣು.”