ಹಂಪಿಗೆ ಹೋಗಲು ಹೇಳಿದ ಸುಳ್ಳು

ಎಲ್ಲಿಗೇ ಹೋಗುವುದಿದ್ದರೂ ಪಟ್ಟಿ ಮಾಡುವುದು ನಾನೇ. ಮನೆಯಲ್ಲೂ ಹಾಗೆ, ಶಾಲೆಯಲ್ಲೂ ಹಾಗೆ. ಯಾರು ಎಲ್ಲಿ ಕೂರಬೇಕು, ಚಕ್ಕುಲಿ ಯಾರು ತರಬೇಕು, ವಾಂತಿ ಮಾಡಿಕೊಳ್ಳುವವರಿಗೆ ನಿಂಬೆಹಣ್ಣು ಯಾರ ಬ್ಯಾಗಿನಲ್ಲಿರಬೇಕು, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿರುತ್ತದೆ. ಯಾರಾದರೂ ಅದನ್ನು ಮೀರಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಗಂಡ ಇದನ್ನು ದಂಡಯಾತ್ರೆ ಎಂದು ರೇಗಿಸುತ್ತಾರೆ. ಎರಡು ವರ್ಷದ ಹಿಂದೆ ನಾವು ಐದು ಜನ ಟೀಚರುಗಳು ಮೂರು ದಿನಕ್ಕೆ ಹಂಪಿಗೆ ಹೋಗಿ ಬರೋಣ ಎಂದುಕೊಂಡಾಗಲೂ ಪಟ್ಟಿ ನನ್ನದೇ. ಆಮೇಲೆ ನಡೆದದ್ದರ ತಪ್ಪೂ ನನ್ನದೇ.

ನಮ್ಮ ಶಾಲೆ ಬಂಡಳ್ಳಿ ಕಡೆಯ ಒಂದು ಹಳ್ಳಿಯಲ್ಲಿತ್ತು. ನಾವು ನಾಲ್ವರು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿಬರುವವರು. ಐದನೆಯವರು ಯಳಂದೂರಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಆ ಕಷ್ಟವನ್ನು ದಿನಕ್ಕೊಂದು ಸಲ ಹೇಳುತ್ತಿದ್ದರು. ನಾನು ಅಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಏಳನೇ ತರಗತಿಯ ಗೋಡೆಗೆ ನಾನೇ ತಂದು ಅಂಟಿಸಿದ್ದ ಹಂಪಿಯ ಒಂದು ದೊಡ್ಡ ಚಿತ್ರವಿತ್ತು. ಅದರಲ್ಲಿ ದೇವಸ್ಥಾನ ಸಣ್ಣದು, ಹಿಂದಿನ ಬಂಡೆಗಳೇ ಜಾಸ್ತಿ. ಒಂದರ ಮೇಲೊಂದು, ಈಗ ಉರುಳೀತೋ ಆಗ ಉರುಳೀತೋ ಅನ್ನುವಂತೆ ಕೂತ ಬಂಡೆಗಳು.

ಆ ಚಿತ್ರವನ್ನು ಮಕ್ಕಳಿಗಿಂತ ಹೆಚ್ಚು ನೋಡುತ್ತಿದ್ದವಳು ನಮ್ಮ ಬಿಸಿಯೂಟದ ಅಡುಗೆಯ ಅಕ್ಕ. ಊಟದ ಬೆಲ್ಲು ಹೊಡೆಯುವ ಮುಂಚೆ ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಕೇಳಲು ಬಂದವಳು, ಸೌಟು ಹಿಡಿದುಕೊಂಡೇ ಚಿತ್ರದ ಮುಂದೆ ನಿಂತುಬಿಡುತ್ತಿದ್ದಳು.

"ಇವ್ನೆಲ್ಲ ಯಾರು ಮೇಡಮ್ಮೋರೆ ಮೇಲಕ್ಕೆ ಎತ್ತಿ ಮಡಗಿದ್ದು?" ಎಂದು ಕೇಳುತ್ತಿದ್ದಳು.

"ದೇವರು ಇಟ್ಟದ್ದು ಬಿಡಕ್ಕ" ಎಂದು ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಿದ್ದೆ. ಸಮಾಜ ವಿಜ್ಞಾನದ ಟೀಚರು ಕೊಡುವ ಉತ್ತರ ಇದು! ಅವಳು ಸುಮ್ಮನೆ ಕೇಳುತ್ತಿರಲಿಲ್ಲ. ಅವಳ ಅಪ್ಪ ಊರೂರು ತಿರುಗಿ, ಸವೆದ ಒರಳು, ಬೀಸುಕಲ್ಲುಗಳಿಗೆ ಉಳಿ ಹಿಡಿದು ಮತ್ತೆ ಕಚ್ಚು ಹಾಕಿ ಕೊಡುತ್ತಿದ್ದವನು. ಅವಳು ಚಿಕ್ಕವಳಿದ್ದಾಗ ಅವನ ಹಿಂದೆ ಉಳಿಯ ಚೀಲ ಹೊತ್ತು ತಿರುಗಿದವಳು. ಕಲ್ಲನ್ನು ತಟ್ಟಿ ಸದ್ದು ಕೇಳಿಯೇ ಎಲ್ಲಿ ಒಡೆಯುತ್ತದೆ ಎಂದು ಹೇಳಬಲ್ಲೆ ಎನ್ನುತ್ತಿದ್ದಳು. ಒಂದು ಸಲ ನಮ್ಮ ಶಾಲೆಯ ಬಾವಿಕಟ್ಟೆಯ ಚಪ್ಪಡಿಯನ್ನು ತಟ್ಟಿ, "ಇದು ಈ ಬೇಸ್ಗೆ ದಾಟಕ್ಕಿಲ್ಲ" ಎಂದಿದ್ದಳು. ಅದು ದಾಟಲಿಲ್ಲ.

ಹಂಪಿಯ ಮಾತು ಬಂದಾಗ ಅಡುಗೆಮನೆಯ ಜಗಲಿಯಲ್ಲೇ ಕೂತು ಮಾತಾಡಿದೆವು. ಎರಡನೇ ಶನಿವಾರ, ಭಾನುವಾರ, ಸೋಮವಾರದ ರಜೆ. ಡ್ರೈವರನ್ನು ಬಿಟ್ಟು ಏಳು ಜನ ಕೂರುವ ಗಾಡಿ. ಹೊಸಪೇಟೆಯಲ್ಲಿ ಎರಡು ರೂಮು. ಬಂಡೆಗಳ ಮೇಲೆ ಹತ್ತಿ ಸೂರ್ಯ ಹುಟ್ಟುವುದು ನೋಡಬೇಕು, ಬುಟ್ಟಿದೋಣಿಯಲ್ಲಿ ಹೊಳೆ ದಾಟಿ ಆನೆಗೊಂದಿಗೆ ಹೋಗಬೇಕು. ನಾನು ಬರೆದುಕೊಳ್ಳುತ್ತಿದ್ದೆ. ಅಕ್ಕ ಬೇಳೆ ಕಟ್ಟು ಬಸಿಯುತ್ತಾ ಎಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ನಾನೊಬ್ಬಳೇ ಇದ್ದಾಗ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು.

"ನಾನೂ ಬರ್ಲಾ ಮೇಡಮ್ಮೋರೆ? ನನ್ನ ಖರ್ಚು ನಾನೇ ಆಕತೀನಿ. ಆ ಬಂಡೆಗಳ್ನ ಒಂದ್ ಸಲ ಮುಟ್ಟಿ ನೋಡ್ಬೇಕು."

ನೋಡೋಣ ಅಕ್ಕ ಎಂದೆ. ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ಬರಲಿ ಬಿಡಿ, ಆದರೆ ರೂಮು?" ಎಂದರು ಒಬ್ಬರು. "ನಮಗೇ ಫ್ರೀಯಾಗಿ ಇರೋಕೆ ಆಗಲ್ಲ" ಎಂದಳು ನಮ್ಮಲ್ಲೆಲ್ಲ ಚಿಕ್ಕವಳು. ಯಾರೂ ಜಾತಿ ಎನ್ನಲಿಲ್ಲ. ನಾವು ಓದಿದವರು, ಆ ಮಾತು ಆಡುವುದಿಲ್ಲ, ರೂಮು ಎನ್ನುತ್ತೇವೆ. ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳ ಪಕ್ಕದ ಮಂಚದಲ್ಲಿ ನಾನು ಮಲಗಬೇಕಾಗುತ್ತದೆ ಎಂಬುದೇ ಮೊದಲು ಬಂದದ್ದು. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಟೀಚರು ಊಟದ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಎಂಟು ವರ್ಷದಿಂದ ವಾರಕ್ಕೊಂದು ದಿನ ಅವಳ ಕೈಯ ಸಾರನ್ನು ಎಲ್ಲರಿಗಿಂತ ಮೊದಲು ಚಪ್ಪರಿಸಿದವಳು ನಾನು. ಮಂಚ ಮಾತ್ರ ಬೇಡವಾಯಿತು.

"ನಾನು ಹೇಳ್ತೀನಿ ಬಿಡಿ, ನೋವಾಗದ ಹಾಗೆ" ಎಂದು ಜವಾಬ್ದಾರಿ ತೆಗೆದುಕೊಂಡೆ. ದೊಡ್ಡಸ್ತಿಕೆ ನೋಡಿ.

ಬುಧವಾರ ಅವಳಿಗೆ ಹೇಳಿದೆ: "ಅಕ್ಕ, ಹಂಪಿ ಕ್ಯಾನ್ಸಲ್ ಆಯ್ತು. ಯಳಂದೂರಿನ ಮೇಡಂ ಮನೆಯವರದೊಂದು ಹರಕೆ ಇದೆಯಂತೆ, ಮಾದಪ್ಪನ ಬೆಟ್ಟಕ್ಕೆ ಹೋಗ್ತಿದೀವಿ. ಗಾಡಿ ತುಂಬ ಅವರ ಮನೆಯವರೇ, ನಮಗೇ ಜಾಗ ಇಲ್ಲ."

ಹರಕೆ ಎಂದರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ, ಅದಕ್ಕೇ ಆ ಸುಳ್ಳು. ಗಟ್ಟಿ ಸುಳ್ಳು ಕಟ್ಟಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ ಕೂಡ. ಅವಳ ಮುಖ ಒಂದು ಗಳಿಗೆ ಬಾಡಿತು, ಆಮೇಲೆ ಅರಳಿತು. ಅದು ಯಾಕೆ ಎಂದು ನನಗೆ ತಿಳಿದದ್ದು ಶುಕ್ರವಾರ.

ಅವಳ ಮಗಳು ತುಂಬು ಗರ್ಭಿಣಿ, ಹೆರಿಗೆಗೆ ಬಂದಿದ್ದಳು. ರಕ್ತ ಕಡಿಮೆ ಇದೆ, ಹುಷಾರಾಗಿ ನೋಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೆದರಿಸಿದ್ದರು. ಹೆರಿಗೆ ಸುಸೂತ್ರವಾಗಲೆಂದು ಮಾದಪ್ಪನಿಗೆ ಹರಕೆ ಹೊತ್ತು, ಮಗಳನ್ನು ಬಿಟ್ಟು ತಾನು ಬೆಟ್ಟಕ್ಕೆ ಹೋಗುವುದು ಹೇಗೆ ಎಂದು ಅಕ್ಕ ಒದ್ದಾಡುತ್ತಿದ್ದಳಂತೆ. ಹಂಪಿಗೆ ಬರುತ್ತೇನೆ ಅಂದಾಗ ಬಿಟ್ಟು ಬರುತ್ತಿರಲಿಲ್ಲವೇ ಎಂದು ನನ್ನ ಕೆಟ್ಟ ಮನಸ್ಸು ಆಗಲೂ ಲೆಕ್ಕ ಹಾಕಿತು. ಆಗ ಆಸ್ಪತ್ರೆಯವರು ಇನ್ನೂ ಹೆದರಿಸಿರಲಿಲ್ಲ, ಅಷ್ಟೆ.

"ನೀವೆಂಗೂ ಓಯ್ತೀರಲ್ಲ, ಒಂದು ಮುಡುಪು ಕೊಡ್ತೀನಿ, ಮಾದಪ್ಪನ ಹುಂಡೀಗೆ ಆಕ್ಬುಡಿ. ನಾಳೆ ಒತ್ತಾರೆ ತಲೆಗೆ ನೀರುಯ್ಕಂಡು ಅರಿಶಿನದ ಬಟ್ಟೇಲಿ ಕಟ್ತೀನಿ. ನೀವು ಅನೂರ ಮೇಲೇ ತಾನೆ ಓಗದು? ನಾನು ಫಸ್ಟ್ ಬಸ್ಸಿಗೆ ಬಂದು ಅನೂರು ಬಸ್ ಸ್ಟ್ಯಾಂಡ್ ಮುಂದೆ ನಿಂತಿರ್ತೀನಿ."

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಹೋಗುವವರು ಹನೂರು ದಾಟಿಯೇ ಹೋಗಬೇಕು. ಹಂಪಿಗೆ ಹೋಗುವವರು ಅದಕ್ಕೆ ಬೆನ್ನು ಹಾಕಿ ಸತ್ತೇಗಾಲದ ಕಡೆ ಹೋಗಬೇಕು. ಪಟ್ಟಿ ಮಾಡುವುದರಲ್ಲಿ ಅಷ್ಟು ಜಾಣೆಯಾದ ನನಗೆ ಸುಳ್ಳಿಗೊಂದು ದಾರಿ ಇರುತ್ತದೆ, ಆ ದಾರಿಯಲ್ಲಿ ಅವಳು ಬಂದು ನಿಲ್ಲಬಹುದು ಎಂಬುದೇ ಹೊಳೆದಿರಲಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಒಂದೇ ಮಾತು. ನಾನು "ಸರಿ ಅಕ್ಕ" ಎಂದೆ.

ಆ ಸಂಜೆ ಬಸ್ಸಿನಲ್ಲಿ ಉಳಿದವರಿಗೆ ವಿಷಯ ಹೇಳಿದೆ. "ಬೆಳಿಗ್ಗೆ ಫೋನ್ ಮಾಡಿ ಏನಾದ್ರೂ ಹೇಳಿದ್ರಾಯ್ತು" ಎಂದರು. ಸ್ಟೇಟಸ್ಸಿಗೆ ಒಂದು ಫೋಟೋನೂ ಹಾಕಬೇಡಿ ಎಂದು ನಾನು ಎಲ್ಲರಿಗೂ ತಾಕೀತು ಮಾಡಿದೆ. ನೋಟ್‌ಬುಕ್ಕಿನಲ್ಲೂ ಬರೆದೆ, ನಿಂಬೆಹಣ್ಣಿನ ಕೆಳಗೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಗಾಡಿ ಕಾವೇರಿಯ ಸೇತುವೆಯ ಮೇಲಿರುವಾಗ ಫೋನು ಬಂತು. ಹಿಂದೆ ಎಲ್ಲರೂ ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಕೈ ಎತ್ತಿ ಸುಮ್ಮನಿರಿಸಿದೆ.

"ಎಲ್ಲಿದ್ದೀರಿ ಮೇಡಮ್ಮೋರೆ? ಆರೂವರೆಯಿಂದ ನಿಂತಿವ್ನಿ."

"ಅಯ್ಯೋ ಅಕ್ಕ, ನಾವು ಆಗಲೇ ಹನೂರು ದಾಟಿಬಿಟ್ವಲ್ಲ. ಬೇಗ ಹೊರಟ್ವಿ. ನೀನು ಕಾಣಲಿಲ್ಲ."

ಬೈಯಲಿ, ಕೇಳಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ನಂದೇ ತಪ್ಪು ಕಣಿ. ಕಣ್ ಮುಂದೇನೆ ಓಗಿದ್ದೀರಿ, ನಾನೇ ಎತ್ತಗೋ ನೋಡ್ತಿದ್ದಿ. ಮಾದಪ್ಪನ್ಗೆ ನನ್ ಮುಡುಪು ಬ್ಯಾಡ್ವೇನೋ. ಇರ್ಲಿ ಬುಡಿ, ನೀವು ನನ್ ಮಗಳ ಎಸ್ರೇಳಿ ಒಂದ್ ಕೈ ಮುಗೀರಿ."

ಮುಗೀತೀನಿ ಅಕ್ಕ ಎಂದೆ. ಫೋನು ಇಟ್ಟ ಮೇಲೆ ಚಿಕ್ಕವಳು "ಏನಂದ್ರು?" ಎಂದಳು. "ಏನೂ ಇಲ್ಲ, ಸರಿ ಅಂದ್ಲು" ಎಂದೆ. ಗಾಡಿ ತಿರುಗಿಸಿ ಎನ್ನಲು ಡ್ರೈವರಿಗೆ ಒಂದು ಮಾತು ಸಾಕಿತ್ತು. ಹನೂರು ಒಂದು ಗಂಟೆಯ ದಾರಿಯೂ ಅಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮಳವಳ್ಳಿ ಬರುವಷ್ಟರಲ್ಲಿ ಮತ್ತೆ ಹಾಡು ಶುರುವಾಗಿತ್ತು, ನಾನೂ ಹಾಡಿದೆ.

ಹಂಪಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಂಡೆಗಳು ಚಿತ್ರದಲ್ಲಿದ್ದಂತೆಯೇ ಇದ್ದವು, ಅದಕ್ಕಿಂತ ದೊಡ್ಡವು. ಎಲ್ಲಿ ನೋಡಿದರೂ ಬಂಡೆ. ಬಾಳೆತೋಟದ ನಡುವೆ ಬಂಡೆ, ಮನೆಯ ಹಿತ್ತಿಲಲ್ಲಿ ಬಂಡೆ. ಎಲ್ಲದರ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡೆವು. ಬೆಳಗಿನ ಬಿಸಿಲಿಗೆ ಕಾದ ಒಂದು ಬಂಡೆಗೆ ಒರಗಿದಾಗ ಮಾತ್ರ, ಮುಟ್ಟಿ ನೋಡಬೇಕು ಎಂದಿದ್ದ ಅವಳ ಮಾತು ನೆನಪಾಗಿ, ಬೆನ್ನು ತೆಗೆದುಬಿಟ್ಟೆ. ಅಷ್ಟು ನಾಚಿಕೆ ಆಯಿತು. ಕೈ ಮುಗಿಯುತ್ತೇನೆ ಎಂದಿದ್ದೆನಲ್ಲ, ವಿರೂಪಾಕ್ಷನ ಮುಂದೆ ಮಗಳ ಹೆಸರು ಹೇಳೋಣ ಎಂದರೆ ಆ ಹುಡುಗಿಯ ಹೆಸರೇ ನನಗೆ ಗೊತ್ತಿರಲಿಲ್ಲ.

ಮಂಗಳವಾರ ಶಾಲೆಗೆ ಹೋದಾಗ ಅಕ್ಕ ಸ್ಟಾಫ್ ರೂಮಿಗೆ ಬಂದು ಐದೂ ಜನಕ್ಕೆ ಒಂದೊಂದು ಲಾಡು ಕೊಟ್ಟಳು. ಮಾದಪ್ಪನ ಬೆಟ್ಟದ ಪ್ರಸಾದ. ಸ್ವಲ್ಪ ಕುಂಟುತ್ತಿದ್ದಳು. ಎಲ್ಲರೂ ಎರಡೂ ಕೈ ಒಡ್ಡಿ, ತಲೆ ತಗ್ಗಿಸಿ ತೆಗೆದುಕೊಂಡೆವು.

ಅವತ್ತು ಊಟದ ರುಚಿ ನೋಡುವ ಸರದಿ ನನ್ನದು. ಅಡುಗೆಮನೆಗೆ ಹೋದಾಗ ಅವಳೊಬ್ಬಳೇ ಇದ್ದಳು. ತಟ್ಟೆಗೆ ಒಂದು ಮುದ್ದೆ ಅನ್ನ, ಸಾರು ಹಾಕಿಕೊಟ್ಟಳು.

"ಕಾಲಿಗೆ ಏನಾಯ್ತಕ್ಕ?"

"ತಾಳುಬೆಟ್ಟದಲ್ಲಿ ಬಸ್ ಇಳ್ದು ಬೆಟ್ಟದ ಮೇಲ್ಗಂಟ ನಡ್ಕಂಡು ಓದಿ. ಕಟ್ಟಿದ ಮುಡುಪ ವಾಪಸ್ ಮನೆ ಒಳಕ್ಕೆ ತರಂಗಿಲ್ಲ ನಮ್ಮಲ್ಲಿ. ಅಲ್ದೆ ತಡ ಮಾಡಿದ್ದು ನಾನು, ತಪ್ಪುಕಾಣಿಕೆ ಕೊಡ್ಬೇಕಿತ್ತಲ್ಲ. ಮಗಳ್ನ ಪಕ್ಕದ ಮನೆಯೋರ್ಗೆ ಫೋನಲ್ಲೇ ಒಪ್ಸಿ, ಅನೂರಿಂದ ಅಂಗೇ ಓದಿ."

ಅವಳು ಒಲೆಯ ಉರಿ ತಗ್ಗಿಸುತ್ತಾ ಮುಂದುವರಿಸಿದಳು. ದನಿಯಲ್ಲಿ ಯಾವ ಕುಟುಕೂ ಇರಲಿಲ್ಲ.

"ಬೆಟ್ಟದ ಮೇಲೆ ನಿಮ್ಮನ್ನ ಬಾಳ ಉಡುಕ್ದಿ. ದಾಸೋಹದ ಸಾಲಲ್ಲೆಲ್ಲ ನೋಡ್ದಿ. ಮೈಕಲ್ಲಿ ಕೂಗ್ಸಾವ ಅಂತಾನೂ ಅನ್ಕಂಡಿ. ಭಾನುವಾರ ಮನೆಗೆ ಬಂದಾಗ ಚಿಕ್ಕ ಮೇಡಮ್ಮೋರ ಸ್ಟೇಟಸ್ಸ ಮಗಳು ತೋರುಸುದ್ಲು."

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಏನೋ ರೂಮಿನ ವಿಷಯ ತೊದಲಿದೆ. ಅವಳು ಕೈ ಅಡ್ಡ ಹಿಡಿದಳು.

"ಬ್ಯಾಡ ಅಂದಿದ್ರೆ ನಾನೇನು ಅಟ ಮಾಡ್ತಿದ್ನಾ? ಓಗ್ಲಿ ಬುಡಿ. ಆ ಬಂಡೆ ಫೋಟೋ ಇದ್ರೆ ತೋರ್ಸಿ."

ಫೋನು ಕೊಟ್ಟೆ. ಸೆರಗಿನಲ್ಲಿ ಬೆರಳು ಒರೆಸಿಕೊಂಡು ಒಂದೊಂದೇ ಸರಿಸಿದಳು. ನಮ್ಮ ಮುಖಗಳನ್ನು ದಾಟಿ ಹಿಂದಿನ ಬಂಡೆಗಳನ್ನು ದೊಡ್ಡದು ಮಾಡಿ ನೋಡಿದಳು. ಬಹಳ ಹೊತ್ತು ನೋಡಿ, "ಇವ್ನ ಯಾರೂ ಎತ್ತಿ ಮಡಗಿಲ್ಲ ಮೇಡಮ್ಮೋರೆ" ಎಂದಳು. "ಮೊದ್ಲೇ ಇಂಗೇ ಇದ್ದೊ, ಮಣ್ಣೊಳ್ಗೆ. ಮಳೇಗೆ ಮಣ್ಣೆಲ್ಲ ಕೊಚ್ಕ ಓಗದೆ, ಗಟ್ಟಿ ಕಲ್ಲು ಉಳ್ಕಂಡದೆ." ನಾನು ಮೂರು ದಿನ ಅಲ್ಲೇ ಇದ್ದು ಬಂದವಳು. ಯಾರು ಇಟ್ಟರು ಎಂದು ಅಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಆಮೇಲೆ ಪುಸ್ತಕ ತೆಗೆದು ನೋಡಿದೆ, ಅವಳು ಹೇಳಿದ್ದೇ ಸರಿ.

ವಾರ ಕಳೆಯುವುದರೊಳಗೆ ಮಗಳಿಗೆ ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಆದರೆ ಅದರಿಂದ ನನ್ನ ಸಂಕಟ ಕಡಿಮೆ ಆಗಿಲ್ಲ, ಅದಕ್ಕೆ ಕಾರಣ ಅವಳು ಕೊನೆಯಲ್ಲಿ ನೋಡಿದ ಫೋಟೋ.

ಅವತ್ತು ಅಡುಗೆಮನೆಯಲ್ಲಿ ಸರಿಸುತ್ತಾ ಸರಿಸುತ್ತಾ ಬಂಡೆಗಳು ಮುಗಿದು, ಮೊದಲ ದಿನ ಗಾಡಿಯೊಳಗೆ ತೆಗೆದ ಫೋಟೋ ಬಂತು. ಐದು ಜನ ಹಲ್ಲು ಬಿಟ್ಟುಕೊಂಡು ಕೂತಿದ್ದೇವೆ. ಹಿಂದೆ ಎರಡು ಸೀಟು ಖಾಲಿ. ಒಂದರ ಮೇಲೆ ನನ್ನ ಬ್ಯಾಗು, ಇನ್ನೊಂದರ ಮೇಲೆ ಚಕ್ಕುಲಿಯ ಡಬ್ಬ. ಅವಳ ಬೆರಳು ಅಲ್ಲಿ ನಿಂತಿತು. ನಮ್ಮ ಮುಖಗಳನ್ನು ದಾಟಿ, ಬಂಡೆಗಳನ್ನು ಮಾಡಿದ ಹಾಗೆಯೇ, ಆ ಎರಡು ಸೀಟುಗಳನ್ನು ದೊಡ್ಡದು ಮಾಡಿ ನೋಡಿದಳು. ಫೋನು ನನ್ನ ಕೈಗೆ ಕೊಟ್ಟು, ಪುಸ್ತಕ ಮುಂದಿಟ್ಟಳು.

"ಸಾರಿಗೆ ಉಪ್ಪು ಸರಿ ಇದ್ದದ ಮೇಡಮ್ಮೋರೆ?" ಎಂದಳು.

ಸರಿ ಇದೆ ಎಂದು ಸಹಿ ಹಾಕಿದೆ.