ಡ್ಯಾಶ್‌ಬೋರ್ಡಿನ ಕೆಳಗಿನ ನಾಬ್

ಕೋಡಿಬಾಗದಲ್ಲಿ ಕಾರುಗಳಿಗೆ ಸ್ಪೀಕರ್ ಕೂಡಿಸುವ ಮೆಕ್ಯಾನಿಕ್ ಒಬ್ಬರಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ, ದಪ್ಪ ಸದ್ದು ಹೊರಡಿಸುವ ಸಬ್‌ವೂಫರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಒಂದೇ ಮಾತು: "ತಡೆಯೂದಿಲ್ಲ ಮಾರಾಯ್ರೆ."

ಗೋವಾದಿಂದ ನಾನು ಹೊತ್ತು ತಂದ ಆಂಪ್ಲಿಫೈಯರ್ ನೋಡಿಯೂ ಅದನ್ನೇ ಹೇಳಿದರು. ನನ್ನ ಪುಟ್ಟ ಸಬ್‌ವೂಫರಿಗೆ ಅದರ ಶಕ್ತಿ ವಿಪರೀತವಾಗಿತ್ತು. ಸೈಬರ್ ಕೆಫೆಯಲ್ಲಿ ಓದಿದ್ದನ್ನೆಲ್ಲ ಒದರಿದ ನಾನು, ಆ ದಪ್ಪ ಸದ್ದನ್ನು, ಅಂದರೆ ಬೇಸ್ ಹೆಚ್ಚಿಸಲು ಡ್ಯಾಶ್‌ಬೋರ್ಡಿನ ಕೆಳಗೆ ಕೈಗೆ ಸಿಗುವಂತೆ ಒಂದು ನಾಬ್ ಕೂಡ ಬೇಕೆಂದು ಹಟ ಹಿಡಿದೆ. ಅವರು ಎರಡನ್ನೂ ಕೂಡಿಸಿಕೊಟ್ಟರು.

ಎರಡು ವರ್ಷ ಅಂಕೋಲೆಯ ದಾರಿಯಲ್ಲಿ ಅದನ್ನು ತಿರುಗಿಸಿದ್ದೇ ತಿರುಗಿಸಿದ್ದು. ವ್ಯತ್ಯಾಸವೇ ಕೇಳುವುದಿಲ್ಲ ಎಂದ ಹೆಂಡತಿಗೆ, "ನಿಂಗೆ ಕಿವಿಯೇ ಇಲ್ಲ ಬಿಡು" ಎಂದಿದ್ದೆ.

ಒಂದು ದಿನ ನಾಬ್ ಕಿತ್ತು ಕೈಗೇ ಬಂತು. ಅದರ ಹಿಂದೆ ವೈರೇ ಇರಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡೇ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. ಅವರು ಸಬ್‌ವೂಫರಿನ ಮೇಲೆ ಅಂಗೈ ಇಟ್ಟು, "ಆರಾಮ ಇದ್ಯಲ್ರಾ. ನೀವು ತಿರುಗಿಸಿದ್ದೆಲ್ಲ ಇದಕ್ಕೆ ಮುಟ್ಟಿದ್ರೆ ಯಾವಾಗ್ಲೋ ಸುಟ್ಟೋಗ್ತಿತ್ತು" ಎಂದರು. ನಾಬನ್ನು ಮೊದಲಿನಂತೆ, ವೈರಿಲ್ಲದೆಯೇ, ಗಟ್ಟಿಯಾಗಿ ಕೂಡಿಸಿಕೊಟ್ಟರು.

ಅಂಕೋಲೆಯ ದಾರಿ ಹಿಡಿದ ಮೇಲೆ ಮೆಲ್ಲಗೆ ಅದನ್ನು ಬಲಕ್ಕೆ ತಿರುಗಿಸಿದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆಣೆ ಮಾಡಿ ಹೇಳುತ್ತೇನೆ, ಬೇಸ್ ಸ್ವಲ್ಪ ಹೆಚ್ಚಾಯಿತು.